ಸಿಂಕಿನ ಕೆಳಗಿನ ಡಿಸ್ಪೋಸರ್ ಸೋರುತ್ತಿದೆ: ರಿಪೇರಿಯೋ, ಹೊಸತೋ?

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಅಕ್ಕ ಒಬ್ಬರು ಕೇಳಿದ್ದಾರೆ: "ಅಣ್ಣಾ, ನಾವು ಮನೆ ಕಟ್ಟಿ ಒಂಬತ್ತು ವರ್ಷ ಆಯ್ತು. ಆಗಲೇ ಸಿಂಕಿನ ಕೆಳಗೆ ವೇಸ್ಟ್ ಡಿಸ್ಪೋಸರ್, ಅಂದರೆ ಎಂಜಲು ಸಿಪ್ಪೆ ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಮೆಷಿನು, ಹಾಕಿಸಿದ್ದೆವು. ಏಳು ವರ್ಷ ಗಲ್ಫಿನಲ್ಲೇ ಇದ್ದೆವು. ಊರಿಗೆ ಬಂದಾಗ ಒಂದೊಂದು ತಿಂಗಳು ಮಾತ್ರ ಅದನ್ನು ಬಳಸಿದ್ದು. ಈಗ ಎರಡು ವರ್ಷದಿಂದ ಇಲ್ಲೇ ಇದ್ದೇವೆ. ಮೊದಲು ಗುಂಯ್ ಅಂತ ಶಬ್ದ ಮಾಡಿ ತಿರುಗದೆ ನಿಂತಿತು, ಒಬ್ಬರು ಬಂದು ಸರಿ ಮಾಡಿ ಹೋದರು. ಈಗ ಅಡಿಯಿಂದ ನೀರು ತೊಟ್ಟಿಕ್ಕುತ್ತದೆ, ಎರಡು ಸಲ ಇಎಲ್‌ಸಿಬಿಯೂ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬಿತ್ತು. ಅಂಗಡಿಯವರು ಒಂದು ಎಚ್‌ಪಿಯದ್ದು ತಗೊಳ್ಳಿ ಅನ್ನುತ್ತಾರೆ. ಸೌದಿಯ ದಮಾಮಿನಲ್ಲಿರುವ ಭಾವ ಅಲ್ಲಿಂದಲೇ ತರುತ್ತೇನೆ ಅನ್ನುತ್ತಾರೆ. ನೆರೆಮನೆಯವರು ಅದೆಲ್ಲ ಯಾಕೆ, ತೆಂಗಿನ ಬುಡಕ್ಕೆ ಹಾಕಿ ಅನ್ನುತ್ತಾರೆ. ನಾವು ಬಳಸಿದ್ದೇ ಕಡಿಮೆ, ಆದರೂ ಇಷ್ಟು ಬೇಗ ಹಾಳಾಗುತ್ತದಾ? ರಿಪೇರಿ ಆಗುತ್ತದಾ, ಹೊಸತೇ ಬೇಕಾ?"

ಅಕ್ಕಾ, ಮುಂದೆ ಓದುವ ಮೊದಲು ಹೋಗಿ ಆ ಮೆಷಿನಿನ ಪ್ಲಗ್ ತೆಗೆದು ಬನ್ನಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ನೀರು ಸೋರುವ ಮೋಟಾರು, ಅದರ ಜೊತೆಗೆ ಇಎಲ್‌ಸಿಬಿ ಬೀಳುವುದು, ಇವೆರಡೂ ಒಟ್ಟಿಗೆ ಬಂದರೆ ನೀರು ಕರೆಂಟಿರುವ ಜಾಗಕ್ಕೆ ಮುಟ್ಟಿದೆ ಅಂತ ತಿಳಿಯಬೇಕು. ನಿಮ್ಮದು ಸ್ಟೀಲ್ ಸಿಂಕ್ ಆಗಿದ್ದರೆ ಆ ಕರೆಂಟು ಪಾತ್ರೆ ತೊಳೆಯುವವರ ಕೈಗೇ ಬರುವುದು. ಇಎಲ್‌ಸಿಬಿ ಇರುವುದರಿಂದ ನೀವು ಬಚಾವಾಗಿದ್ದೀರಿ. ಪದೇ ಪದೇ ಬೀಳುತ್ತದೆ ಅಂತ ಯಾರಾದರೂ ಅದನ್ನು ಬೈಪಾಸ್ ಮಾಡಿಕೊಡುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ.

ಆಯ್ತಾ? ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಳಸಿದ್ದು ಕಡಿಮೆ, ಆದರೂ ಹಾಳಾಯಿತು ಅಂತ ಕೇಳಿದಿರಿ. ಬದಿಯಡ್ಕದಲ್ಲಿ ಕೂತು ಪಂಪು, ಮಿಕ್ಸಿ, ಗ್ರೈಂಡರ್ ಬಿಚ್ಚಿ ಕಟ್ಟುತ್ತಾ ಇಪ್ಪತ್ತು ವರ್ಷ ದಾಟಿತು. ಡಿಸ್ಪೋಸರ್ ಹಾಕಿಸಿಕೊಂಡ ಮನೆಗಳು ನಮ್ಮ ಕಡೆ ಜಾಸ್ತಿ ಇಲ್ಲ, ಇರುವುದರಲ್ಲಿ ಹೆಚ್ಚಿನವು ಗಲ್ಫಿನವರ ಮನೆಗಳು. ನಾನು ಬಿಚ್ಚಿ ನೋಡಿದವುಗಳಲ್ಲಿ ಅರೆದು ಅರೆದು ಸವೆದದ್ದು ತೀರಾ ಕಡಿಮೆ. ಹೆಚ್ಚಿನವು ತುಕ್ಕು ಹಿಡಿದೇ ಹೋದವು. ಅದೂ ಮನೆ ಬೀಗ ಹಾಕಿದ ತಿಂಗಳುಗಳಲ್ಲಿ. ಅಂದರೆ ನಿಮ್ಮ ಮೆಷಿನು ಕಡಿಮೆ ಬಳಸಿದ್ದರಿಂದಲೇ ಬೇಗ ಹಾಳಾಗಿದೆ ಅಕ್ಕಾ.

ಇದು ಅರ್ಥ ಆಗಬೇಕಾದರೆ ಒಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು. ಮಿಕ್ಸಿಯ ಹಾಗೆ ಬ್ಲೇಡ್ ಇರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇದರಲ್ಲಿ ಬ್ಲೇಡ್ ಇಲ್ಲ. ಒಂದು ದುಂಡಗಿನ ತಟ್ಟೆ ಇದೆ, ಅದು ಮೋಟಾರಿನ ಶಾಫ್ಟಿನ ಮೇಲೆ ಕೂತು ತಿರುಗುತ್ತದೆ. ತಟ್ಟೆಯ ಮೇಲೆ ಅತ್ತಿತ್ತ ಆಡುವ ಎರಡು ಲೋಹದ ತುಂಡುಗಳು. ತಟ್ಟೆ ಜೋರಾಗಿ ತಿರುಗುವಾಗ ಸಿಪ್ಪೆ, ಅನ್ನ, ತರಕಾರಿ ಎಲ್ಲ ಅಂಚಿಗೆ ಎಸೆಯಲ್ಪಡುತ್ತದೆ, ಆ ತುಂಡುಗಳು ಅದನ್ನು ಸುತ್ತಲಿನ ಹಲ್ಲಿನ ಬಳೆಗೆ ಒತ್ತಿ ತೇಯುತ್ತವೆ. ಕಾಯಿ ತುರಿದ ಹಾಗೆ ಅಂತಿಟ್ಟುಕೊಳ್ಳಿ. ಸಣ್ಣಗಾದದ್ದು ನೀರಿನ ಜೊತೆ ಕೆಳಗಿಳಿದು ಬದಿಯ ಪೈಪಿನಲ್ಲಿ ಹೋಗುತ್ತದೆ. ಅದರ ಕೆಳಗೆ ಮೋಟಾರು. ನೀರಿರುವ ಕೋಣೆಗೂ ಮೋಟಾರಿಗೂ ನಡುವೆ ಇರುವುದು ಶಾಫ್ಟಿನ ಸುತ್ತ ಕೂತ ಒಂದು ಸೀಲ್ ಮಾತ್ರ. ಆ ಸೀಲ್ ಗಟ್ಟಿ ಇರುವ ತನಕವೇ ಮೆಷಿನಿಗೆ ಆಯುಷ್ಯ.

ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ ಗುಣದ್ದು. ಕುಡಿಯುವಾಗ ಗೊತ್ತಾಗುವುದಿಲ್ಲ, ಪಿಎಚ್ (ಹುಳಿ ಅಳೆಯುವ ಅಂಕಿ, 7ಕ್ಕಿಂತ ಕೆಳಗಾದರೆ ಹುಳಿ) ನೋಡಿದರೆ ಎಷ್ಟೋ ಬಾವಿಗಳಲ್ಲಿ 6.5ಕ್ಕಿಂತ ಕೆಳಗೆ ಇರುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೂ ಹಾಗೆಯೇ. ಹಿತ್ತಾಳೆ ನಲ್ಲಿಯ ಕೆಳಗೆ ಬಿಳಿ ಬೇಸಿನ್ನಿನಲ್ಲಿ ನೀಲಿ ಹಸಿರು ಕಲೆ ಬೀಳುತ್ತದಲ್ವಾ, ನಿಮ್ಮಲ್ಲೂ ಇರಬಹುದು, ಅದು ಇಂಥ ನೀರು ತಾಮ್ರವನ್ನು ಕರಗಿಸುವ ಗುರುತು. ಕಡಿಮೆ ಬೆಲೆಯ ಡಿಸ್ಪೋಸರುಗಳಲ್ಲಿ ಅರೆಯುವ ತಟ್ಟೆ, ಬಳೆ ಎರಡೂ ಸತು ಲೇಪಿಸಿದ ಕಬ್ಬಿಣದ್ದು, ಗ್ಯಾಲ್ವನೈಸ್ಡ್ ಅಂತಾರೆ. ಈ ನೀರು ಸತುವನ್ನು ತಿನ್ನುತ್ತದೆ. ಅದರ ಮೇಲೆ ಹುಣಸೆ, ಪುನರ್ಪುಳಿ, ಮಜ್ಜಿಗೆ, ಉಪ್ಪು. ನಿಮ್ಮ ಮನೆ ಕಡಲಿಗೆ ಹತ್ತಿರ ಇದ್ದರೆ ಗಾಳಿಯ ಉಪ್ಪು ಹೊರಗಿನಿಂದಲೂ ಹಿಡಿಯುತ್ತದೆ.

ದಿನಾ ತಿರುಗುವ ಮೆಷಿನಿನಲ್ಲಿ ತುಕ್ಕು ಕೂರಲು ಹೊತ್ತು ಸಿಗುವುದಿಲ್ಲ, ಹೊಸ ನೀರು ಬಂದು ತೊಳೆಯುತ್ತಾ ಇರುತ್ತದೆ. ನಿಮ್ಮದು ಹತ್ತು ಹನ್ನೊಂದು ತಿಂಗಳು ನಿಂತೇ ಇತ್ತು. ಒಳಗೆ ಉಳಿದ ತೇವ, ಅಂಟಿದ ಎಂಜಲು, ಹೊರಗೆ ಮಳೆಗಾಲದ ಥಂಡಿ. ತಟ್ಟೆಗೂ ಬಳೆಗೂ ನಡುವೆ ಇರುವ ಜಾಗ ತೀರಾ ಸಣ್ಣದು, ಅಲ್ಲಿ ತುಕ್ಕು ಬೆಳೆದು ಎರಡನ್ನೂ ಕಚ್ಚಿ ಹಿಡಿಯಿತು. ಗುಂಯ್ ಅಂದದ್ದು ಅದೇ. ಮೋಟಾರಿಗೆ ಕರೆಂಟು ಬರುತ್ತಿದೆ, ತಿರುಗಲು ಆಗುತ್ತಿಲ್ಲ. ಬಂದವರು ತಿರುಗಿಸಿ ಬಿಡಿಸಿದರು. ಆದರೆ ಅಷ್ಟು ಹೊತ್ತಿಗೆ ಶಾಫ್ಟಿನ ಮೇಲೂ ತುಕ್ಕು ಎದ್ದಿರುತ್ತದೆ. ಆ ಒರಟು ಶಾಫ್ಟು ರಬ್ಬರ್ ಸೀಲಿನೊಳಗೆ ತಿರುಗಿದರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ಸೀಲ್ ಹರಿಯಿತು, ನೀರು ಬೇರಿಂಗಿಗೆ ಇಳಿಯಿತು, ಅಲ್ಲಿಂದ ಮೋಟಾರಿಗೆ. ನೀವು ಬರೆದ ಕ್ರಮ ನೋಡಿದರೆ ಹೀಗೇ ಆಗಿರಬೇಕು ಅನಿಸುತ್ತದೆ.

ಆದರೂ ಹೊಸತಕ್ಕೆ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಯಾಕೆಂದರೆ ಮೇಲಿನಿಂದ ಸೋರಿದ ನೀರೂ ಮೈಮೇಲೆ ಇಳಿದು ಕೊನೆಗೆ ಅಡಿಯಿಂದಲೇ ತೊಟ್ಟಿಕ್ಕುವುದು. ಅದನ್ನು ನೋಡಿ ಅಡಿಯೇ ಸೋರುತ್ತಿದೆ ಅಂತ ಒಳ್ಳೆ ಮೆಷಿನನ್ನು ಗುಜರಿಗೆ ಕೊಟ್ಟವರನ್ನು ಕಂಡಿದ್ದೇನೆ.

ಪ್ಲಗ್ ತೆಗೆದೇ ಇರಲಿ. ಮೆಷಿನಿನ ಮೈಯನ್ನು ಹಳೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಸಿಂಕಿನ ತೂತಿಗೆ ಅದರ ಮುಚ್ಚಳ ಹಾಕಿ ನೀರು ತುಂಬಿಸಿ, ಅದಕ್ಕೆ ಒಂದು ಚಮಚ ಅರಶಿನ ಕಲಸಿ. ಹತ್ತು ನಿಮಿಷ ಬಿಡಿ. ಆಮೇಲೆ ಸಿಂಕು ಮತ್ತು ಮೆಷಿನು ಕೂಡುವ ಕುತ್ತಿಗೆಯ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಹಳದಿ ಬಂದರೆ ಸೋರುವುದು ಅಲ್ಲಿ. ಇದು ಸಣ್ಣ ಕೆಲಸ. ಸಿಂಕಿನ ತೂತಿನಲ್ಲಿ ಕೂತ ಬಳೆಯ ಕೆಳಗೆ ಪ್ಲಂಬರ್ ಪುಟ್ಟಿ ಇರುತ್ತದೆ, ಅದು ಒಣಗಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಕೆಳಗಿನ ಮೂರು ಸ್ಕ್ರೂ ನಡುಕಕ್ಕೆ ಸಡಿಲ ಆಗಿರುತ್ತದೆ. ತೆಳು ತಗಡಿನ ಸಿಂಕಿನಲ್ಲಿ ಇದು ಜಾಸ್ತಿ. ಬಿಚ್ಚಿ, ಹಳೆ ಪುಟ್ಟಿ ಪೂರಾ ಕೆರೆದು ಹೊಸತು ಹಾಕಿ ಬಿಗಿದರೆ ಮುಗಿಯಿತು.

ಕುತ್ತಿಗೆ ಒಣಗಿಯೇ ಇದ್ದರೆ ಮುಚ್ಚಳ ತೆಗೆದು ನೀರು ಬಿಡಿ. ಈಗ ಬದಿಗೆ ನೋಡಿ. ನೀರು ಹೊರಗೆ ಹೋಗುವ ಬಾಗಿದ ಪೈಪು ಮೆಷಿನಿಗೆ ಸೇರುವಲ್ಲಿ ಒಂದು ರಬ್ಬರ್ ವಾಷರ್ ಇದೆ, ಅಲ್ಲಿ ಸೋರಿದರೆ ವಾಷರ್ ಬದಲಿಸಬೇಕು, ಇನ್ನೇನಿಲ್ಲ. ಡಿಶ್‌ವಾಷರ್ ಇದ್ದರೆ ಅದರ ಪೈಪು ಸಿಕ್ಕಿಸಿದ ಜಾಗವನ್ನೂ ಮುಟ್ಟಿ ನೋಡಿ, ಕ್ಲಿಪ್ ಸಡಿಲ ಇರಬಹುದು.

ಕುತ್ತಿಗೆಯೂ ಒಣಗಿದೆ, ಬದಿಯೂ ಒಣಗಿದೆ, ಆದರೆ ಅಡಿಯ ನಡುವಿನ ತೂತಿನಿಂದ ಅಥವಾ ಕೆಂಪು ಬಟನಿನ ಸುತ್ತ ಹಳದಿ ನೀರು ಇಳಿಯುತ್ತಿದೆ ಅಂದರೆ ಒಳಗಿನ ಸೀಲ್ ಹೋಗಿದೆ. ಅದಕ್ಕೆ ರಿಪೇರಿ ಇಲ್ಲ. ಇದನ್ನು ನಾನು ಸುಮ್ನೆ ಹೇಳುವುದಲ್ಲ. ಹನ್ನೆರಡು ವರ್ಷದ ಹಿಂದೆ ಪರಿಚಯದವರ ಮನೆಯ ಮೆಷಿನು ಹೀಗೇ ಸೋರುತ್ತಿತ್ತು. ಪಂಪಿನ ಸೀಲ್ ಎಷ್ಟೋ ಹಾಕಿದ್ದೇನೆ, ಇದೇನು ದೊಡ್ಡದು ಅಂತ ಬಿಚ್ಚಿದೆ. ಮೈಯನ್ನು ಕಂಪನಿಯವರು ಮಡಚಿ ಒತ್ತಿ ಮುಚ್ಚಿರುತ್ತಾರೆ, ಬಿಚ್ಚಲಿಕ್ಕೆ ಅಂತ ಮಾಡಿದ್ದೇ ಅಲ್ಲ. ಕಷ್ಟದಲ್ಲಿ ಬಿಚ್ಚಿ, ಮಂಗಳೂರಿನಿಂದ ಅಳತೆಗೆ ಸರಿಯಾದ ಸೀಲ್ ತಂದು ಹಾಕಿ ಮುಚ್ಚಿದೆ. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಆ ಮನೆಯ ಅಜ್ಜಿಗೆ ಸಿಂಕ್ ಮುಟ್ಟಿದಾಗ ಜುಮ್ ಅಂತು, ಇಡೀ ಮನೆಯ ಕರೆಂಟು ಹೋಯಿತು. ಇಎಲ್‌ಸಿಬಿ ಇಲ್ಲದಿದ್ದರೆ ಏನಾಗುತ್ತಿತ್ತೋ. ಆ ದಿನದಿಂದ ಅಡಿ ಸೋರುವ ಡಿಸ್ಪೋಸರನ್ನು ನಾನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಹೊರಗಿನಿಂದ ಎಂಸೀಲ್ ಮೆತ್ತಿ ಕೊಡುವವರೂ ಇದ್ದಾರೆ. ಮೆತ್ತಿದರೆ ನೀರು ಹೊರಗೆ ಬರುವುದು ನಿಲ್ಲಬಹುದು, ಆದರೆ ಒಳಗೆ ಮೋಟಾರಿನಲ್ಲೇ ತುಂಬುತ್ತದೆ. ಅದು ಸೋರುವುದಕ್ಕಿಂತ ಅಪಾಯ.

ಬೇರೆ ಹೆಚ್ಚಿನ ತೊಂದರೆಗಳಿಗೆ ಹೊಸತು ಬೇಕಿಲ್ಲ. ನಿಮಗೆ ಮುಂದಿನ ಮೆಷಿನಿಗೂ ಉಪಯೋಗ ಆದೀತು ಅಂತ ಬರೆಯುತ್ತೇನೆ. ಗುಂಯ್ ಅಂದು ನಿಂತರೆ ಆ ಕ್ಷಣವೇ ಆಫ್ ಮಾಡಬೇಕು, ನೋಡುವಾ ತಿರುಗೀತು ಅಂತ ಹತ್ತು ಸೆಕೆಂಡ್ ಕಾದರೂ ಮೋಟಾರಿನ ಸುರುಳಿ ಬಿಸಿ ಆಗುತ್ತದೆ. ಪ್ಲಗ್ ತೆಗೆದು, ಟಾರ್ಚ್ ಹಾಕಿ ಒಳಗೆ ನೋಡಿ. ಚಮಚ, ಗೊರಟು, ಮೂಳೆ ಸಿಕ್ಕಿದ್ದರೆ ಇಕ್ಕುಳದಲ್ಲಿ ತೆಗೆಯಿರಿ. ಪ್ಲಗ್ ತೆಗೆದಿದ್ದರೂ ಕೈ ಹಾಕುವ ಅಭ್ಯಾಸ ಮಾತ್ರ ಬೇಡ. ಹೆಚ್ಚಿನ ಮೆಷಿನಿನ ಅಡಿಯಲ್ಲಿ ನಡುವೆ ಆರು ಮೂಲೆಯ ತೂತು ಇದೆ, ಅದಕ್ಕೆ ಕಾಲಿಂಚಿನ ಅಲೆನ್ ಕೀ ಹಾಕಿ ಎರಡೂ ಕಡೆಗೆ ಜಗ್ಗಿ. ಪೂರಾ ಒಂದು ಸುತ್ತು ಸಲೀಸಾಗಿ ಬರುವ ತನಕ. ಮೆಷಿನಿನ ಜೊತೆಗೇ ಆ ಕೀ ಕೊಟ್ಟಿರುತ್ತಾರೆ, ಎಲ್ಲರೂ ಅದನ್ನು ಪೆಟ್ಟಿಗೆಯ ಜೊತೆ ಎಸೆದುಬಿಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ 6 ಮಿಲಿಮೀಟರ್ ಕೀ ಒಳಗೆ ಹೋಗುತ್ತದೆ, ಆದರೆ ಸ್ವಲ್ಪ ಸಡಿಲ. ಕಾಲಿಂಚು ಅಂದರೆ 6.35 ಮಿಲಿಮೀಟರ್. ಜೋರು ಹಾಕಿದರೆ ಸಣ್ಣ ಕೀ ಜಾರಿ ಮೂಲೆ ಕೊರೆಯುತ್ತದೆ, ಆದ್ದರಿಂದ ಕಾಲಿಂಚಿನದ್ದನ್ನೇ ಕೇಳಿ ತಗೊಳ್ಳಿ. ಕೆಳಗೆ ತೂತು ಇಲ್ಲದ ಮಾದರಿಯಾದರೆ ಮೇಲಿನಿಂದ ಮರದ ಕೋಲು ಇಟ್ಟು ಆ ಲೋಹದ ತುಂಡನ್ನು ತಳ್ಳಬೇಕು. ಕಬ್ಬಿಣದ ಸರಳು ಹಾಕಬೇಡಿ.

ತಿರುಗಿದ ಮೇಲೆ ಹತ್ತು ನಿಮಿಷ ತಣಿಯಲು ಬಿಟ್ಟು ಅಡಿಯ ಕೆಂಪು ಬಟನ್ ಒತ್ತಿ. ಬಿಸಿಯಾದಾಗ ಮೋಟಾರು ಸುಟ್ಟುಹೋಗದ ಹಾಗೆ ತಾನಾಗಿ ಕರೆಂಟು ಕಡಿಯುವ ಬಟನ್ ಅದು. ಏನೂ ಶಬ್ದವೇ ಇಲ್ಲ ಅಂದಾಗಲೂ ಮೊದಲು ಒತ್ತಬೇಕಾದ್ದು ಅದನ್ನೇ. ಮೆಷಿನು ಸತ್ತೇ ಹೋಯಿತು ಅಂತ ನನಗೆ ಫೋನ್ ಮಾಡಿದವರಲ್ಲಿ ಎಷ್ಟೋ ಮಂದಿಗೆ ಫೋನಿನಲ್ಲೇ ಆ ಬಟನ್ ಹುಡುಕಿಸಿ ಸರಿ ಮಾಡಿಸಿದ್ದೇನೆ. ಒತ್ತಿದ ಕೂಡಲೇ ಮತ್ತೆ ಹೊರಗೆ ಬಂದರೆ, ಅಥವಾ ತಟ್ಟೆ ಸಲೀಸಾಗಿ ತಿರುಗಿದರೂ ಗುಂಯ್ ಅನ್ನುವುದು ನಿಲ್ಲದಿದ್ದರೆ, ಕೆಪಾಸಿಟರ್ ಇರುವ ಮಾದರಿಯಲ್ಲಿ ಅದನ್ನು ಪರೀಕ್ಷೆ ಮಾಡಿಸಿ. ಪಂಪ್ ರಿಪೇರಿ ಮಾಡುವ ಯಾರಿಗಾದರೂ ಅದು ಗೊತ್ತು.

ವೋಲ್ಟೇಜ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅಡಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಒಳನಾಡಿನ ಮನೆಗಳಲ್ಲಿ ಬಲ್ಬು ಮಂಕಾಗುತ್ತದಲ್ವಾ. 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ ಇಂಡಕ್ಷನ್ ಮೋಟಾರಿನ ಎಳೆಯುವ ಬಲ ಸುಮಾರು 60 ಶೇಕಡಕ್ಕೆ ಇಳಿಯುತ್ತದೆ, ಯಾಕೆಂದರೆ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುವುದು. ಆಗ ತಟ್ಟೆ ಎಲ್ಲೂ ಸಿಕ್ಕದೆ ಇದ್ದರೂ ಮೋಟಾರು ಎದ್ದೇಳಲಾರದೆ ಗುಂಯ್ ಅನ್ನಬಹುದು. ಆ ಹೊತ್ತಿನಲ್ಲಿ ಹಾಕಬೇಡಿ, ಅಷ್ಟೇ. ರಾತ್ರಿ ಊಟ ಆದ ಮೇಲೆ ಹಾಕಿ.

ನೀರು ನಿಧಾನ ಹೋಗುತ್ತದೆ, ಸಿಂಕಿನಲ್ಲಿ ನಿಲ್ಲುತ್ತದೆ ಅಂತಾದರೆ ತಪ್ಪು ಮೆಷಿನಿನದ್ದಲ್ಲ, ಪೈಪಿನದ್ದು. ನಮ್ಮ ಕಡೆ ಸಿಂಕಿನ ಕೆಳಗೆ ಸುಕ್ಕು ಸುಕ್ಕಾದ ಬಗ್ಗುವ ಪ್ಲಾಸ್ಟಿಕ್ ಪೈಪ್ ಹಾಕುತ್ತಾರೆ, ಅಗ್ಗ, ಹೇಗೂ ಬಗ್ಗುತ್ತದೆ ಅಂತ. ಡಿಸ್ಪೋಸರಿಗೆ ಅದು ಆಗುವುದೇ ಇಲ್ಲ. ಪ್ರತಿಯೊಂದು ಸುಕ್ಕಿನಲ್ಲೂ ಅರೆದ ಹಿಟ್ಟು ಕೂತು ಕೊಳೆಯುತ್ತದೆ. ಒಳಗೆ ನುಣುಪಾದ ಗಟ್ಟಿ ಪಿವಿಸಿ ಪೈಪು, ಒಂದೂವರೆ ಇಂಚಿನದ್ದು, ನೀರು ನಿಲ್ಲುವ ಒಂದು ಬಾಗು ಮತ್ತು ಅಲ್ಲಿಂದ ಮುಂದಕ್ಕೆ ಇಳಿಜಾರು, ಇಷ್ಟು ಇರಲೇಬೇಕು. ನಿಮ್ಮಲ್ಲಿ ಸುಕ್ಕಿನ ಪೈಪು ಇದ್ದರೆ ಹೊಸ ಮೆಷಿನಿನ ಜೊತೆಗೇ ಅದನ್ನೂ ಬದಲಿಸಿ.

ಇನ್ನು ಎಷ್ಟು ವರ್ಷ ಬರಬೇಕು ಅಂತ. ಸರಿಯಾಗಿ ಕೂರಿಸಿ ದಿನಾ ಬಳಸಿದ ಒಳ್ಳೆ ಮೆಷಿನು ಹತ್ತು ಹನ್ನೆರಡು ವರ್ಷ ಬರುತ್ತದೆ, ಅದಕ್ಕಿಂತ ಜಾಸ್ತಿ ಬಂದದ್ದೂ ಇದೆ. ಸತು ಲೇಪದ್ದು ನಮ್ಮ ನೀರಿನಲ್ಲಿ ಐದಾರು ವರ್ಷ ಬಂದರೆ ನಾನು ಸಮಾಧಾನ ಪಡುತ್ತೇನೆ. ನಿಮ್ಮದು ಒಂಬತ್ತು ವರ್ಷ ಬಂದಿದೆ, ಅದು ಯಾವ ಜಾತಿಯದ್ದು ಅಂತ ಹಳೆ ಪುಸ್ತಕದಲ್ಲಿ ನೋಡಿ. ನಾನು ಪಾಲಿಸುವ ಲೆಕ್ಕ ಹೀಗೆ: ಏಳು ವರ್ಷ ದಾಟಿದ ಮೆಷಿನಿನ ರಿಪೇರಿಗೆ ಹೊಸತರ ಅರ್ಧ ಬೆಲೆ ಆಗುತ್ತದೆ ಅಂದರೆ ರಿಪೇರಿ ಮಾಡಿಸಬೇಡಿ ಅನ್ನುತ್ತೇನೆ.

ಈಗ ಅಂಗಡಿಯವರು ಹೇಳಿದ ಒಂದು ಎಚ್‌ಪಿ. ನಾಲ್ಕೈದು ಜನರ ಮನೆಗೆ ಅಷ್ಟು ಬೇಕಾಗಿಲ್ಲ, ಅರ್ಧದಿಂದ ಮುಕ್ಕಾಲು ಎಚ್‌ಪಿ ಸಾಕು. ಎಚ್‌ಪಿ ಜಾಸ್ತಿ ಇದ್ದರೆ ಗಟ್ಟಿಯಾದದ್ದನ್ನು ಸಲೀಸಾಗಿ ಅರೆಯುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ, ಅದು ನಿಜ. ಆದರೆ ಬಾಳಿಕೆ ಬರುವುದು ಎಚ್‌ಪಿಯಿಂದಲ್ಲ, ಲೋಹದಿಂದ. ಮುಕ್ಕಾಲು ಎಚ್‌ಪಿಯ ಸ್ಟೇನ್‌ಲೆಸ್ ಸ್ಟೀಲಿನದ್ದು ಒಂದು ಎಚ್‌ಪಿಯ ಸತು ಲೇಪದ್ದಕ್ಕಿಂತ ನಮ್ಮ ಊರಿಗೆ ಎಷ್ಟೋ ಒಳ್ಳೆಯದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಸ್ಟೇನ್‌ಲೆಸ್ ಅಂತ ಬರೆದಿದ್ದರೆ ಸಾಲದು. ಸಿಂಕಿನ ತೂತಿನ ಬಳೆ ಮಾತ್ರ ಸ್ಟೇನ್‌ಲೆಸ್ ಇದ್ದು ಒಳಗಿನದ್ದು ಬೇರೆ ಇರಬಹುದು. ಅರೆಯುವ ತಟ್ಟೆ, ಹಲ್ಲಿನ ಬಳೆ, ಆ ಎರಡು ತುಂಡುಗಳು, ಇವು ಮೂರೂ ಸ್ಟೇನ್‌ಲೆಸ್ ಅಂತ ವಿವರದಲ್ಲಿ ಬರೆದಿರಬೇಕು. ಅಯಸ್ಕಾಂತ ಹಿಡಿದು ನೋಡುತ್ತೇನೆ ಅಂದರೆ ಅದು ಆಗುವುದಿಲ್ಲ, ಸ್ಟೇನ್‌ಲೆಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವ ಜಾತಿಗಳೂ ಇವೆ.

ಮೋಟಾರಿನಲ್ಲೂ ಎರಡು ಬಗೆ. ಇಂಡಕ್ಷನ್ ಮೋಟಾರು ಭಾರ, ನಮ್ಮ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತನ) ಕರೆಂಟಿನಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ, ಶಬ್ದ ಕಡಿಮೆ. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು ಹಗುರ, 2600 ಸುತ್ತಿಗೂ ಮೇಲೆ ಓಡುತ್ತದೆ, ಎದ್ದೇಳುವಾಗಲೇ ಜೋರು ಇರುತ್ತದೆ, ಆದರೆ ಶಬ್ದ ಜಾಸ್ತಿ. ಅದರ ಕಾರ್ಬನ್ ಬ್ರಷ್ ಸವೆಯುತ್ತದೆ. ನಾನಾದರೆ ಇಂಡಕ್ಷನ್ ತಗೊಳ್ಳುತ್ತೇನೆ, ಮನೆಯಲ್ಲಿ ವೋಲ್ಟೇಜ್ ತುಂಬಾ ಕಡಿಮೆ ಇದ್ದರೆ ಮಾತ್ರ ಇನ್ನೊಂದರ ಬಗ್ಗೆ ಯೋಚನೆ ಮಾಡುತ್ತೇನೆ.

ದಮಾಮಿನ ಭಾವನಿಗೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಸೌದಿಯ ಕರೆಂಟು 60 ಹರ್ಟ್ಸ್, ನಮ್ಮದು 50. ವೋಲ್ಟೇಜ್ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ, ಅದಕ್ಕೇ ಜನ ಮೋಸ ಹೋಗುವುದು, ಪ್ಲಗ್ ಹಾಕಿದರೆ ತಿರುಗುತ್ತದೆ ಕೂಡ. ಆದರೆ 60ಕ್ಕೆ ಅಂತ ಮಾಡಿದ ಇಂಡಕ್ಷನ್ ಮೋಟಾರಿಗೆ 50 ಕೊಟ್ಟರೆ ಅದು ಜಾಸ್ತಿ ಕರೆಂಟು ಎಳೆದು ಬಿಸಿ ಆಗುತ್ತದೆ, ಆರು ಭಾಗಕ್ಕೆ ಒಂದು ಭಾಗ ನಿಧಾನವೂ ಆಗುತ್ತದೆ. ಲೇಬಲಿನಲ್ಲಿ 50 ಅಥವಾ 50/60 ಅಂತ ಇದ್ದರೆ ತರಬಹುದು. ದುಬೈ, ಕತಾರ್, ಕುವೈತ್, ಒಮಾನ್ ಇಲ್ಲೆಲ್ಲ ನಮ್ಮ ಹಾಗೆ 50, ಅಲ್ಲಿಂದ ಬಂದದ್ದು ನಡೆಯುತ್ತದೆ. ಅಮೆರಿಕದಿಂದ ಯಾರಾದರೂ ತರುತ್ತಾರೆ ಅಂದರೆ ಖಂಡಿತ ಬೇಡ, ಅಲ್ಲಿ ವೋಲ್ಟೇಜೂ 120, ಹರ್ಟ್ಸೂ 60. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿ ಆಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಇದಲ್ಲದೆ ವಾರಂಟಿಯ ವಿಷಯ ಬೇರೆ. ಹೊರಗಿನಿಂದ ತಂದದ್ದು ಕೆಟ್ಟರೆ ಇಲ್ಲಿ ಕೇಳುವವರು ಯಾರು? ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಸರ್ವಿಸ್ ಸೆಂಟರ್ ಇರುವ, ನಮ್ಮ ಪಿನ್‌ಕೋಡಿಗೆ ಮೆಕ್ಯಾನಿಕ್ ಕಳಿಸುತ್ತೇವೆ ಅಂತ ಬರೆದುಕೊಡುವ ಕಂಪನಿಯದ್ದನ್ನೇ ತಗೊಳ್ಳಿ. ನಾವಿರುವುದು ಎರಡು ರಾಜ್ಯಗಳ ಗಡಿಯಲ್ಲಿ. ಮಂಗಳೂರಿನ ಸೆಂಟರಿನವರು ನಿಮ್ಮದು ಕೇರಳ ಅಂತಾರೆ, ಕೇರಳದವರು ನಿಮಗೆ ಮಂಗಳೂರೇ ಹತ್ತಿರ ಅಂತಾರೆ, ಇದು ನನಗೇ ಆದದ್ದು. ಕೊಳ್ಳುವ ಮೊದಲೇ ಕೇಳಿ ಗಟ್ಟಿ ಮಾಡಿಕೊಳ್ಳಿ.

ನೆರೆಮನೆಯವರ ಮಾತನ್ನು ಮಾತ್ರ ಹಾಗೇ ತಳ್ಳಿಹಾಕಬೇಡಿ ಅಕ್ಕಾ. ಹೊಸತು ತಗೊಳ್ಳುವ ಮೊದಲು ನಿಮ್ಮ ಸಿಂಕಿನ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಹೊರಗೆ ಹೋಗಿ ನೋಡಿ. ಈ ಮೆಷಿನನ್ನು ಮೊದಲು ಮಾಡಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಜಾನ್ ಹ್ಯಾಮ್ಸ್, 1927ರಲ್ಲಿ. 1938ರಲ್ಲಿ ಅವರ ಇನ್‌ಸಿಂಕರೇಟರ್ ಕಂಪನಿ ಶುರುವಾಯಿತು. ಅವರ ಊರಿನಲ್ಲಿ ಮನೆಯ ಕೆಳಗೆ ನಗರದ ದೊಡ್ಡ ಚರಂಡಿ ಕೊಳವೆ ಇತ್ತು, ಅರೆದದ್ದೆಲ್ಲ ಅದರಲ್ಲಿ ಹೋಗುತ್ತಿತ್ತು. ಅಷ್ಟಾದರೂ ನ್ಯೂಯಾರ್ಕ್ ನಗರ ತನ್ನ ಹಳೆ ಕೊಳವೆಗಳಿಗೆ ಹೆದರಿ ನಗರದ ಬಹುಭಾಗದಲ್ಲಿ ಇದಕ್ಕೆ ಅವಕಾಶ ಕೊಟ್ಟಿರಲಿಲ್ಲ, ಆ ನಿಷೇಧ ತೆಗೆದದ್ದು 1997ರಲ್ಲಿ. ನಮ್ಮ ಊರಿನ ಮನೆಗಳಿಗೆ ಅಂಥ ಕೊಳವೆಯೇ ಇಲ್ಲ. ಸಿಂಕಿನ ನೀರು ಒಂದೋ ಇಂಗುಗುಂಡಿಗೆ, ಇಲ್ಲವೇ ನೇರ ಬಾಳೆ ಬುಡಕ್ಕೆ, ಕೆಲವರದ್ದು ಸೆಪ್ಟಿಕ್ ಟ್ಯಾಂಕಿಗೆ.

ಬಾಳೆ ಬುಡಕ್ಕೆ ತೆರೆದ ಕಣಿಯಲ್ಲಿ ಹೋಗುವುದಾದರೆ ಡಿಸ್ಪೋಸರ್ ಬೇಡವೇ ಬೇಡ. ಬರೀ ಪಾತ್ರೆ ತೊಳೆದ ನೀರು ಇಂಗುತ್ತದೆ, ಅರೆದ ಅನ್ನ, ಮೀನಿನ ಚೂರು ಇಂಗುವುದಿಲ್ಲ. ನೊಣ, ಇಲಿ, ವಾಸನೆ. ಇಂಗುಗುಂಡಿಯಾದರೆ ಆ ಹಿಟ್ಟು ಮುರಕಲ್ಲಿನ ತೂತುಗಳನ್ನು ಮುಚ್ಚುತ್ತಾ ಬರುತ್ತದೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಆಟಿ ತಿಂಗಳಲ್ಲಿ ಬಾವಿ ನೀರು ಮೇಲೆ ಬಂದಾಗ ಗುಂಡಿ ತುಂಬಿ ಸಿಂಕಿನಲ್ಲೇ ನೀರು ಏಳುತ್ತದೆ. ಕೇರಳದ ಕಟ್ಟಡ ನಿಯಮದಲ್ಲಿ ಬಾವಿಗೂ ಇಂಥ ಗುಂಡಿಗೂ ಏಳೂವರೆ ಮೀಟರ್ ಅಂತರ ಇರಬೇಕು ಅಂತಿದೆ. ಹಳೆ ಮನೆಗಳಲ್ಲಿ ಅಷ್ಟು ಇರುವುದಿಲ್ಲ, ಅಳೆದು ನೋಡಿ. ಸೆಪ್ಟಿಕ್ ಟ್ಯಾಂಕಿಗೆ ಹೋಗುವುದಾದರೆ ಮೆಷಿನು ಇಡಬಹುದು, ಆದರೆ ಟ್ಯಾಂಕಿನಲ್ಲಿ ಕೆಸರು ಬೇಗ ತುಂಬುತ್ತದೆ, ಮೊದಲಿಗಿಂತ ಬೇಗ ಖಾಲಿ ಮಾಡಿಸಬೇಕಾಗುತ್ತದೆ.

ಗೋಬರ್ ಗ್ಯಾಸಿನ ಟ್ಯಾಂಕ್ ಇರುವ ಮನೆಗೆ ಮಾತ್ರ ನಾನೇ ಡಿಸ್ಪೋಸರ್ ಹಾಕಿಸಿ ಅನ್ನುತ್ತೇನೆ, ಯಾಕೆಂದರೆ ಅರೆದ ಮುಸುರೆ ಬೇಗ ಗ್ಯಾಸ್ ಆಗುತ್ತದೆ. ನಿಂಬೆ ಸಿಪ್ಪೆ, ಮೊಟ್ಟೆ ಸಿಪ್ಪೆ, ಸಾಬೂನು ನೀರು ಅದಕ್ಕೆ ಹೋಗದ ಹಾಗೆ ಬೇರೆ ಸಿಂಕ್ ಇರಬೇಕು ಅಷ್ಟೇ. ಮಂಗಳೂರಿನ ಫ್ಲ್ಯಾಟಿನಲ್ಲಿ ಇರುವವರ ಕಥೆ ಬೇರೆ, ಅವರು ಅಸೋಸಿಯೇಶನ್ನಿನವರನ್ನು ಕೇಳಿಯೇ ಹಾಕಬೇಕು.

ನಿಮ್ಮಲ್ಲಿ ಜಾಗ ಇದ್ದರೆ ಹೀಗೆ ಮಾಡಬಹುದು. ದಪ್ಪದ್ದೆಲ್ಲ, ಅಂದರೆ ಹಲಸಿನ ಸಿಪ್ಪೆ, ಬಾಳೆದಿಂಡಿನ ನಾರು, ಕೆಸುವಿನ ದಂಟು, ಬಸಳೆಯ ಬಲಿತ ಬಳ್ಳಿ, ನುಗ್ಗೆ ಸಿಪ್ಪೆ, ಕಾಯಿನಾರು, ಮರುವಾಯಿ ಚಿಪ್ಪು, ಇವು ಬುಟ್ಟಿಗೆ. ಇವು ಹೇಗೂ ಡಿಸ್ಪೋಸರಿಗೆ ಹಾಕುವಂಥದ್ದಲ್ಲ. ನಾರು ತಟ್ಟೆಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಹಲಸಿನ ಮೇಣ ಅಂಟಿದರೆ ಯಾವ ನೀರಿಗೂ ಹೋಗುವುದಿಲ್ಲ. ಹುಣಸೆ ಬೀಜ, ಮಾವಿನ ಗೊರಟು ಹಾಕಿದರೆ ಸಿಕ್ಕಿ ನಿಲ್ಲುತ್ತದೆ. ಅಕ್ಕಚ್ಚು, ಗಂಜಿ ತಿಳಿ ದನಕ್ಕೋ ಗಿಡಕ್ಕೋ. ಉಳಿದ ಅನ್ನವನ್ನು ರಾಶಿ ಹಾಕಬೇಡಿ, ಅದು ಪೈಪಿನಲ್ಲಿ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ತಟ್ಟೆ ತೊಳೆದಾಗ ಉಳಿಯುವ ಚೂರು, ತರಕಾರಿಯ ಮೆತ್ತನೆ ಸಿಪ್ಪೆ, ಸಾಂಬಾರಿನ ಹೋಳು, ಮೀನಿನ ಸಣ್ಣ ಮುಳ್ಳು, ಇಷ್ಟೇ ಮೆಷಿನಿಗೆ. ಆಗ ಗುಂಡಿಗೂ ಭಾರ ಬೀಳುವುದಿಲ್ಲ. ಪಂಚಾಯತಿನ ಹರಿತ ಕರ್ಮ ಸೇನೆಯವರು ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ಅಡಿಗೆಮನೆಯ ಹಸಿ ಕಸ ನಾವೇ ನೋಡಿಕೊಳ್ಳಬೇಕು ಅನ್ನುವುದು ನಿಮಗೂ ಗೊತ್ತಿದೆ.

ನಿಮ್ಮದು ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಪೈಪು, ಮನೆಯಲ್ಲೇ ಇರುತ್ತೀರಿ, ದಿನಾ ಬಳಸುತ್ತೀರಿ ಅಂದರೆ ಹೊಸತು ತಗೊಳ್ಳಿ. ಮುಂದೆ ಪುನಃ ಗಲ್ಫಿಗೆ ಹೋಗುವ ಯೋಚನೆ ಇದ್ದರೆ ತಗೊಳ್ಳಬೇಡಿ, ಬುಟ್ಟಿಯಲ್ಲೇ ಸುಧಾರಿಸಿ. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಬಳಸುವಾಗ ಮೊದಲು ತಣ್ಣೀರು ಬಿಡಬೇಕು, ಆಮೇಲೆ ಸ್ವಿಚ್, ಆಮೇಲೆ ಸ್ವಲ್ಪ ಸ್ವಲ್ಪ ಹಾಕುವುದು. ಶಬ್ದ ಹಗುರಾದ ಮೇಲೂ ಅರ್ಧ ನಿಮಿಷ ನೀರು ಹೋಗುತ್ತಿರಲಿ. ಬಿಸಿನೀರು ಯಾಕೆ ಬೇಡ ಅಂದರೆ, ತೆಂಗಿನೆಣ್ಣೆ, ಮೀನಿನ ಜಿಡ್ಡು ಬಿಸಿಯಲ್ಲಿ ಕರಗಿ ಮುಂದೆ ಹೋಗಿ ಪೈಪಿನಲ್ಲಿ ತಣಿದಾಗ ಗೋಡೆಗೆ ಹಿಡಿಯುತ್ತದೆ. ವಾಸನೆಗೆ ಐಸ್ ತುಂಡು, ಒಂದು ಹಿಡಿ ಕಲ್ಲುಪ್ಪು ಹಾಕಿ ತಿರುಗಿಸಿ, ಕೂಡಲೇ ಧಾರಾಳ ನೀರು ಬಿಟ್ಟು ಉಪ್ಪು ಪೂರಾ ಹೋಗುವ ಹಾಗೆ ತೊಳೆಯಿರಿ. ಪೈಪ್ ಬ್ಲಾಕ್ ತೆಗೆಯುವ ಪುಡಿ, ಟಾಯ್ಲೆಟ್ ಆಸಿಡ್ ಇದರೊಳಗೆ ಹಾಕಲೇಬಾರದು, ಸೀಲ್ ಹಾಳಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಊರಲ್ಲಿ ಇಲ್ಲ ಅಂದರೆ ಬೀಗದ ಕೈ ಇರುವವರ ಹತ್ತಿರ ವಾರಕ್ಕೊಮ್ಮೆ ನೀರು ಬಿಟ್ಟು ತಿರುಗಿಸಲು ಹೇಳಿ. ಅದೂ ಆಗದಿದ್ದರೆ ವಾಪಸ್ ಬಂದ ದಿನ ಸ್ವಿಚ್ ಹಾಕುವ ಮೊದಲು ಅಲೆನ್ ಕೀಯಲ್ಲಿ ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ.

ಅಂಗಡಿಗೆ ಹೋಗುವಾಗ ಮೂರು ಅಳತೆ ಬರೆದುಕೊಂಡು ಹೋಗಿ. ಸಿಂಕಿನ ತೂತಿನ ಅಗಲ, ಸಾಮಾನ್ಯವಾಗಿ 90 ಮಿಲಿಮೀಟರ್ ಬೇಕು, ನಿಮ್ಮದು ಬೇರೆ ಇದ್ದರೆ ಅದಕ್ಕೆ ಹೊಂದುವ ಬಳೆ ಕೇಳಬೇಕು. ಕಪಾಟಿನ ಒಳಗಿನ ಎತ್ತರ. ಮೂರನೆಯದು ಎಲ್ಲರೂ ಮರೆಯುವುದು, ಸಿಂಕಿನ ಅಡಿಯಿಂದ ಗೋಡೆಯೊಳಗೆ ಹೋಗುವ ಪೈಪಿನ ತನಕ ಎಷ್ಟು ಇಂಚು ಅಂತ. ಹೊಸ ಮೆಷಿನು ಹಳೆಯದಕ್ಕಿಂತ ಉದ್ದ ಇದ್ದರೆ ಅದರ ನೀರು ಹೊರಬೀಳುವ ಬಾಯಿ ಗೋಡೆಯ ಪೈಪಿಗಿಂತ ಕೆಳಗೆ ಬರುತ್ತದೆ, ಆಗ ಮೆಷಿನಿನ ಅರೆಯುವ ಕೋಣೆಯೊಳಗೆ ಯಾವಾಗಲೂ ನೀರು ನಿಂತೇ ಇರುತ್ತದೆ, ಮತ್ತೆ ಅದೇ ತುಕ್ಕು. ಅದೇ ಕಂಪನಿಯದ್ದು ತಗೊಂಡರೆ ಹಳೆ ಬಳೆಗೇ ಹೊಸತು ಕೂರಬಹುದು, ಆದರೆ ಒಂಬತ್ತು ವರ್ಷದ ಬಳೆ ಬಿಟ್ಟುಬಿಡಿ, ಹೊಸತನ್ನೇ ಹಾಕಿಸಿ. ಗೋಡೆಯ ಸ್ವಿಚ್ ಬದಲು ಗಾಳಿ ಬಟನ್ (ಕೊಳವೆಯೊಳಗಿನ ಗಾಳಿಯ ಒತ್ತಡದಿಂದ ಮೆಷಿನು ಆನ್ ಮಾಡುವ ಬಟನ್) ಇರುವ ಮಾದರಿ ಸಿಕ್ಕಿದರೆ ಅದನ್ನು ತಗೊಳ್ಳಿ, ಒದ್ದೆ ಕೈಯಲ್ಲಿ ಒತ್ತಿದರೂ ಕೈಗೂ ಕರೆಂಟಿಗೂ ಸಂಬಂಧ ಇರುವುದಿಲ್ಲ. ಕೂರಿಸುವವರ ಹತ್ತಿರ ಅರ್ಥ್ ಸರಿ ಇದೆಯಾ ಅಂತ ನೋಡಿಸಿ, ಕೆಲಸ ಮುಗಿದ ಮೇಲೆ ಇಎಲ್‌ಸಿಬಿಯ ಟೆಸ್ಟ್ ಬಟನ್ ನಿಮ್ಮ ಎದುರಿಗೇ ಒತ್ತಿಸಿ. ಅರಶಿನದ ಪರೀಕ್ಷೆಯಲ್ಲಿ ಹಳದಿ ಎಲ್ಲಿ ಕಂಡಿತು ಅಂತ ನನಗೆ ಬರೆಯಿರಿ, ಕುತ್ತಿಗೆಯಲ್ಲೇ ಕಂಡರೂ ಇಎಲ್‌ಸಿಬಿ ಬಿದ್ದಿರುವುದರಿಂದ ಮೋಟಾರು ಒಣಗಿಸಿ ಮೆಗ್ಗರ್‌ನಲ್ಲಿ (ಮೋಟಾರಿನಿಂದ ಕರೆಂಟು ಸೋರುತ್ತದಾ ಅಂತ ಅಳೆಯುವ ಉಪಕರಣ) ಪರೀಕ್ಷೆ ಮಾಡಿಸದೆ ಪ್ಲಗ್ ವಾಪಸ್ ಹಾಕಬೇಡಿ.